ಸತ್ತವಳು ಹೋಟೆಲಿಗೆ ಬಂದಾಗ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಅಮೆರಿಕದಲ್ಲೂ ಇದ್ದಾರೆ. 1932ರಲ್ಲಿ ವಾರ್ನರ್ ಬ್ರದರ್ಸ್‌ನವರು ‘ಐ ಆ್ಯಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್’ ಎಂಬ ಸಿನಿಮಾ ತೆಗೆದರು. ಯುದ್ಧದಿಂದ ಬಂದು ಕೆಲಸವಿಲ್ಲದೆ ಅಲೆಯುವ ಸೈನಿಕ. ಯಾರೋ ಪಿಸ್ತೂಲು ತೋರಿಸಿ ಮಾಡಿಸಿದ ದರೋಡೆಗೆ ಕಾಲಿಗೆ ಸರಪಳಿ, ಕೈಗೆ ಸುತ್ತಿಗೆ, ಹತ್ತು ವರ್ಷ ಶಿಕ್ಷೆ. ಪಾಲ್ ಮ್ಯುನಿ ನಾಯಕ. ಚಿತ್ರದಲ್ಲಿ ರಾಜ್ಯದ ಹೆಸರೇ ಇಲ್ಲ. ಆದರೂ ಜಾರ್ಜಿಯಾದ ಜೈಲು ವಾರ್ಡನ್ ಒಬ್ಬರು ಮಾನ ಹೋಯಿತೆಂದು ಹತ್ತು ಲಕ್ಷ ಡಾಲರ್ ಕೇಳಿ ಕೋರ್ಟಿಗೆ ಹೋದರು.

ನಮ್ಮಲ್ಲಿ ಇಂಥ ಕತೆ ಕಟ್ಟಲು ಸ್ಟುಡಿಯೋ ಬೇಕಿಲ್ಲ, ಠಾಣೆ ಸಾಕು. ಕುಶಾಲನಗರದ ಕಡೆಯ ಒಬ್ಬ ಕೂಲಿಕಾರ 2020ರ ಕೊನೆಯಲ್ಲಿ ಹೆಂಡತಿ ಕಾಣೆಯಾದಾಗ ತಾನೇ ಹೋಗಿ ದೂರು ಕೊಟ್ಟ. ಅತ್ತ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬಳಿ ಒಂದು ಅಸ್ಥಿಪಂಜರ ಸಿಕ್ಕಿತು. ಒಂದು ಕಡೆ ಹೆಂಗಸಿಲ್ಲ, ಇನ್ನೊಂದು ಕಡೆ ಮೂಳೆಗೆ ಹೆಸರಿಲ್ಲ. ಎರಡೂ ಫೈಲು ಒಂದೇ ದಾರದಲ್ಲಿ ಕಟ್ಟಿದರೆ ಕೆಲಸ ಹಗುರ ನೋಡಿ. ಗಂಡ ಕೊಲೆಗಾರನಾಗಿ ಜೈಲು ಸೇರಿದ. ಮೂಳೆಯ ಡಿಎನ್‌ಎ ಆಕೆಯ ಮನೆಯವರದಕ್ಕೆ ತಾಳೆಯಾಗಲಿಲ್ಲ. ಮೂಳೆಗೇನು ಗೊತ್ತು ತನಿಖೆಯ ಕಷ್ಟ?

2025ರ ಏಪ್ರಿಲ್ 1ರಂದು ಆ ‘ಮೃತೆ’ ಮಡಿಕೇರಿಯ ಹೋಟೆಲಿನಲ್ಲಿ ಊಟ ಮಾಡುತ್ತಿದ್ದಳು. ಹುಡುಕಿದ್ದು ಪೊಲೀಸರಲ್ಲ, ಗಂಡನ ಗೆಳೆಯರು. ಅದೇ ತಿಂಗಳು ಮೈಸೂರಿನ ಸೆಷನ್ಸ್ ಕೋರ್ಟು ಆತನನ್ನು ಬಿಡುಗಡೆ ಮಾಡಿ, ಗೃಹ ಇಲಾಖೆ ಒಂದು ಲಕ್ಷ ಪರಿಹಾರ ಕೊಡಲಿ ಎಂದಿತು.

ನಮ್ಮ ಮಂಡಿಕಲ್ ಕಡೆಯವರು ಲೆಕ್ಕದಲ್ಲಿ ಗಟ್ಟಿ. ಒಳಗಿದ್ದದ್ದು ಬರೀ ಒಂದೂವರೆ ವರ್ಷ ಅಂತ ಹಿಡಿದರೂ ದಿನಕ್ಕೆ ಇನ್ನೂರು ರೂಪಾಯಿ ಮುಟ್ಟುವುದಿಲ್ಲ. ಅದೇ ಏಪ್ರಿಲ್ 1ರಿಂದ ಉದ್ಯೋಗ ಖಾತರಿಯಲ್ಲಿ ಕೆರೆ ಹೂಳೆತ್ತಿದವರಿಗೆ ದಿನಗೂಲಿ 370 ಆಯಿತು. ಅಂದರೆ, ಮಾಡದ ಕೊಲೆಗೆ ಜೈಲಲ್ಲಿ ಕೂರುವುದಕ್ಕಿಂತ ಹೂಳೆತ್ತುವುದೇ ಲಾಭ. ಜಾಬ್ ಕಾರ್ಡ್ ಇಲ್ಲದವರು ಬೇಗ ಮಾಡಿಸಿಕೊಳ್ಳಿ.

ಒಂದು ಲಕ್ಷವೂ ದುಬಾರಿ ಎನ್ನುವವರಿಗೆ ಸರಕಾರ ಇನ್ನೊಂದು ದಾರಿ ಇಟ್ಟಿದೆ. ಸಾಕಷ್ಟು ಕಾರಣವಿಲ್ಲದೆ ಒಬ್ಬರನ್ನು ಬಂಧಿಸಿದರೆ, ಬಂಧನ ಮಾಡಿಸಿದವರಿಂದ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಪರಿಹಾರ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. 2024ರಲ್ಲಿ ಹಳೇ ಕಾನೂನು ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂತು. ಹೆಸರು ಬದಲಾಯಿತು, ಕಲಂ ಸಂಖ್ಯೆ ಬದಲಾಯಿತು, ಆ ಸಾವಿರ ಮಾತ್ರ ಅಲ್ಲೇ ಕೂತಿದೆ. ತಪ್ಪು ಮೊಕದ್ದಮೆಗಳ ಪರಿಹಾರಕ್ಕೆ ಕಾನೂನಿನಲ್ಲಿ ಪ್ರತ್ಯೇಕ ಅವಕಾಶ ಬೇಕೆಂದು ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿತ್ತು. ವರದಿಗಳಿಗೂ ವಿಶ್ರಾಂತಿ ಬೇಕಲ್ಲ!

ಆ ಕೂಲಿಕಾರ 2025ರಲ್ಲಿ ಐದು ಕೋಟಿ ಕೇಳಿ ಹೈಕೋರ್ಟಿಗೆ ಹೋದ. ದುರಾಸೆ ಎಂದು ಮೂಗು ಮುರಿಯುವವರು ಜಾರ್ಜಿಯಾದ ವಾರ್ಡನ್ನರ ಮಾನದ ರೇಟನ್ನೊಮ್ಮೆ ನೆನೆಸಿಕೊಳ್ಳಲಿ. ಅವರು ಕೇಳಿದ್ದು ಬರೀ ಸಿನಿಮಾ ನೋಡಿ.

ಗೃಹ ಇಲಾಖೆಯವರಲ್ಲಿ ಒಂದು ಅರಿಕೆ. ಬೆಟ್ಟದಪುರದಲ್ಲಿ ಸಿಕ್ಕ ಮೂಳೆಗಳೂ ಯಾರದೋ ಮನೆಯವರದು. ಅವುಗಳ ಹೆಸರು ಹುಡುಕಿ. ಈ ಸಲ ಬದುಕಿರುವವರ ಹೆಸರು ಬೇಡ.