ಮುಹೂರ್ತದ ಮೊಬೈಲ್ ಪಂಡಿತ

ಕರ್ನಾಟಕದ ಕಲ್ಯಾಣ ಮಂಟಪಗಳಲ್ಲಿ ಪುರೋಹಿತರು, ಓಲಗದವರು ಮತ್ತು ಅಡುಗೆ ಭಟ್ಟರಷ್ಟೇ ಖಚಿತವಾಗಿ ಕಾಣಸಿಗುವ, ಆದರೆ ಯಾರೂ ಸಂಭಾವನೆ ಕೊಟ್ಟು ಕರೆಸದ ವ್ಯಕ್ತಿಯೆಂದರೆ ಮೊಬೈಲ್ ಛಾಯಾಪಂಡಿತ. ಸಾಮಾನ್ಯವಾಗಿ ವಧುವಿನ ಸೋದರಮಾವನ ಷಡ್ಡಕನಾಗಿರುವ ಈತನು, ಹಣ ಪಡೆದು ಬಂದ ಛಾಯಾಗ್ರಾಹಕನ ಮುಂದೆಯೇ ನಿಲ್ಲುವುದನ್ನು ತನ್ನ ಮೊದಲ ಕರ್ತವ್ಯವೆಂದು ತಿಳಿದಿರುತ್ತಾನೆ.

ಈತನ ವಿದ್ವತ್ತಿನಲ್ಲಿ ಲೋಪವಿಲ್ಲವೆಂಬುದನ್ನು ಒಪ್ಪಲೇಬೇಕು. ಎಕ್ಸ್‌ಪೋಷರ್ ಎಂದರೆ ಸೆನ್ಸರಿನ ಮೇಲೆ ಬೀಳುವ ಬೆಳಕಿನ ಪ್ರಮಾಣವೆಂದೂ, ಬಹುತೇಕ ಮೊಬೈಲುಗಳಲ್ಲಿ ಲೆನ್ಸಿನ ದ್ವಾರ ಬದಲಾಗದ ಕಾರಣ ಅದನ್ನು ಶಟರ್ ವೇಗದಿಂದ ಹೊಂದಿಸಿ, ಸಾಲದ ಹೊಳಪನ್ನು ಐಎಸ್‌ಒ ಹೆಚ್ಚಿಸಿ ತುಂಬಿಕೊಳ್ಳಬೇಕೆಂದೂ ಆತ ಬಲ್ಲ. ಕ್ಯಾಮೆರಾದ ಬೆಳಕು ಮಾಪಕವು ಕಂಡದ್ದನ್ನೆಲ್ಲ ನಡುಬೂದು ಎಂದು ಭಾವಿಸುವುದರಿಂದ, ಬಿಳಿ ಪಂಚೆಯ ಗಂಡಿನ ಕಡೆಯವರು ಚೌಕಟ್ಟನ್ನು ತುಂಬಿದರೆ ಪಂಚೆಗಳೆಲ್ಲ ಮಾಸಿದಂತೆ ಕಾಣುತ್ತವೆಂದು, ಬೀಗರಿಗೆ ಕೇಳುವಂತೆಯೇ ವಿವರಿಸುತ್ತಾನೆ.

ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಸರಿದೂಗಿಸಿ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಕ್ರಮ, ಈತನ ಪರಮಪ್ರಿಯ ವಿಷಯ. ಹಳೆಯ ಬಲ್ಬಿನ ಬೆಳಕು ಸುಮಾರು 2,800 ಕೆಲ್ವಿನ್‌ನಲ್ಲಿ ಹಳದಿಗೆ ತಿರುಗಿದರೆ, ನಡುಹಗಲಿನದು 5,500ರ ಆಸುಪಾಸಿನಲ್ಲಿದ್ದು, ನೆರಳಿನದು 7,000ವನ್ನೂ ದಾಟಿ ನೀಲಿಯಾಗುತ್ತದೆ; ಅರಿಶಿನ ಬಣ್ಣದ ಸೀರೆ ಚೌಕಟ್ಟನ್ನು ತುಂಬಿದಾಗ ಮೊಬೈಲು ಆ ಹಳದಿಯನ್ನು ದೀಪದ ದೋಷವೆಂದು ಬಗೆದು ನೀಲಿ ಬೆರೆಸಿ, ಮದುಮಗಳ ಮುಖವನ್ನು ಕಳೆಗುಂದಿಸುವುದೂ ಉಂಟು. ಆದ್ದರಿಂದ ಪಂಡಿತನು 'ಪ್ರೊ' ಮೋಡ್ ತೆರೆದು, ಮಂಟಪದ ಗುಲಾಬಿ ಎಲ್‌ಇಡಿ, ಹೋಮದ ಉರಿ, ಕಿಟಕಿಯ ಬಿಸಿಲು ಎಂಬ ಮೂರು ಬಗೆಯ ಬೆಳಕಿಗೂ ಹೊಂದುವ ಒಂದೇ ಕೆಲ್ವಿನ್ ಹುಡುಕಲು ತೊಡಗುತ್ತಾನೆ. ಅಂಥದೊಂದು ಸಂಖ್ಯೆ ಇರಲಾರದೆಂದು ಆತನೇ ಇತರರಿಗೆ ಬೋಧಿಸಿದ್ದರೂ ಹುಡುಕಾಟ ನಿಲ್ಲುವುದಿಲ್ಲ. ಗಟ್ಟಿಮೇಳ ಮೊಳಗಿ, ಅಕ್ಷತೆ ಬಿದ್ದು, ತಾಳಿಯ ಮೂರನೆಯ ಗಂಟು ಬೀಳುವಾಗ ಆತ 4,300ರಿಂದ 4,400ಕ್ಕೆ ಸರಿಯುತ್ತಿರುತ್ತಾನೆ.

ಅಷ್ಟರಲ್ಲಿ ಆತನ ಹೆಂಡತಿ ಮದುಮಗಳ ಮುಖದ ಮೇಲೆ ಬೆರಳೊತ್ತಿ ಬೆಳಕಿನ ಅಳತೆಯನ್ನು ಅಲ್ಲಿಗೇ ನಿಲ್ಲಿಸಿ, ಪಕ್ಕದಲ್ಲಿ ಮೂಡಿದ ಸೂರ್ಯಚಿಹ್ನೆಯನ್ನು ತುಸು ಕೆಳಗೆಳೆದು ಜರಿಯ ಎಳೆಗಳು ಬೆಳ್ಳಗೆ ಕರಗಿಹೋಗದಂತೆ ನೋಡಿಕೊಂಡು, ಚಿತ್ರ ತೆಗೆದು, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಜಾಗ ಹಿಡಿದಿರುತ್ತಾಳೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಆ ಚಿತ್ರವೇ ಹರಿದಾಡುತ್ತದೆ. ಪಂಡಿತನು ಅದರ ಕೆಳಗೆ, ಬಿಳಿಯಲ್ಲಿ ಹಳದಿಯ ಅಂಶ ಹೆಚ್ಚಾಯಿತೆಂದು ಷರಾ ಬರೆದು, ತನ್ನ ಚಿತ್ರಗಳಲ್ಲಿ ಇಂಥ ದೋಷವಿಲ್ಲವೆಂದು ಸ್ಪಷ್ಟಪಡಿಸುತ್ತಾನೆ. ಚಿತ್ರಗಳೇ ಇಲ್ಲವಾದ್ದರಿಂದ ಆ ಮಾತನ್ನು ಅಲ್ಲಗಳೆಯಲು ಯಾರಿಗೂ ಸಾಧ್ಯವಾಗುವುದಿಲ್ಲ.