ಮೀನು ಬಂದರೆ ಗಂಟೆ ಒತ್ತಿ

ರಕ್ತದೊತ್ತಡ 150ಕ್ಕೆ 96 ಬಂದ ದಿನ ಡಾಕ್ಟರು ಮಾತ್ರೆಯ ಜೊತೆಗೆ ಮೂರು ಪಥ್ಯ ಹೇಳಿದರು. ಉಪ್ಪಿನಕಾಯಿ ಬಿಡಿ, ಬೆಳಗ್ಗೆ ಐದಕ್ಕೆದ್ದು ನಡೆಯಿರಿ, ಟಿವಿಯಲ್ಲಿ ರಾತ್ರಿ ಒಂಬತ್ತರ ಚರ್ಚೆ ನೋಡಬೇಡಿ. ಮೂರರಲ್ಲಿ ನನ್ನ ಕೈಲಾಗುವಂತೆ ಕಂಡದ್ದು ಕೊನೆಯದೊಂದೇ.

"ಯೂಟ್ಯೂಬಲ್ಲಿ ಏನೂ ಆಗದ ವಿಡಿಯೋ ಇರ್ತಾವಮ್ಮ, ಅವನ್ನ ನೋಡು" ಎಂದಳು ಮಗಳು ಫೋನಿನಲ್ಲಿ.

"ಏನೂ ಆಗದ್ದನ್ನ ನೋಡೋಕೆ ನಮ್ಮನೆ ಸಾಲದೇನೇ?" ಎಂದೆ. ಆದರೂ ಹಾಕಿದೆ.

ಮೊದಲು ಸಿಕ್ಕಿದ್ದು ನಾರ್ವೆಯ ರೈಲು. ಬರ್ಗೆನ್ನಿನಿಂದ ಓಸ್ಲೋಗೆ ಹೋಗುವ ಆ ಮಾರ್ಗಕ್ಕೆ 2009ರಲ್ಲಿ ನೂರು ವರ್ಷ ತುಂಬಿತೆಂದು ಅಲ್ಲಿಯ ಸರಕಾರಿ ಟಿವಿ ಎನ್‌ಆರ್‌ಕೆಯವರು ರೈಲಿಗೆ ಕ್ಯಾಮೆರಾ ಕಟ್ಟಿ, ಏಳು ಗಂಟೆಗೂ ಮಿಕ್ಕಿದ ಪ್ರಯಾಣವನ್ನು ಇದ್ದದ್ದು ಇದ್ದ ಹಾಗೆ ತೋರಿಸಿದರು. ಆಗ ಐವತ್ತು ಲಕ್ಷ ಜನ ಕೂಡ ಇಲ್ಲದಿದ್ದ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಒಂದಿಷ್ಟು ಹೊತ್ತಾದರೂ ನೋಡಿದರಂತೆ. ನಾನೂ ಕೂತೆ. ಹಿಮ, ಕಂಬ, ಸುರಂಗ, ಮತ್ತೆ ಕಂಬ. ಹತ್ತು ನಿಮಿಷಕ್ಕೆ ಕೈ ತಡೆಯಲಾರದೆ ವೇಗವನ್ನು ಎರಡು ಪಟ್ಟು ಮಾಡಿದೆ. ಪಾಪ, ನಾರ್ವೆಯ ರೈಲು ಯಾರದೋ ಮುಹೂರ್ತಕ್ಕೆ ತಡವಾದಂತೆ ಓಡತೊಡಗಿತು.

ಆಗಲೇ ನಮ್ಮ ಮಾವನವರು ಬಂದು ಕುರ್ಚಿ ಎಳೆದುಕೊಂಡರು. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದವರು. ನಿವೃತ್ತಿಯಾಗಿ ಇಪ್ಪತ್ತು ವರ್ಷವಾಯಿತು, ಉಸ್ತುವಾರಿ ಮಾತ್ರ ಇನ್ನೂ ನಿಂತಿಲ್ಲ.

"ಇದೇನ್ ಮಹಾ! ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯೋಷ್ಟರಲ್ಲಿ 57 ಸುರಂಗ ಇದಾವೆ."

"ಇವರದು 182 ಅಂತೆ ಮಾವ."

ಒಂದು ಕ್ಷಣ ಸುಮ್ಮನಾದರು. "ಸೇತುವೆ ಕಟ್ಟೋಕೆ ಬರದೇ ಇದ್ದೋರು ಕೊರೀತಾರೆ. ನಮ್ಮಲ್ಲಿ 109 ಸೇತುವೆ!"

ಅಂದಿನಿಂದ ನಮ್ಮ ಮನೆಯಲ್ಲಿ ಘಟ್ಟದ ರೈಲೂ ಓಡುತ್ತಿದೆ. ರೈಲು ಹುಚ್ಚಿನ ಹುಡುಗರು ಕಿಟಕಿಯಿಂದ ಹಿಡಿದ ವಿಡಿಯೋಗಳು ಬೇಕಾದಷ್ಟಿವೆ. ಮಳೆಗಾಲದ್ದನ್ನೇ ಹುಡುಕಿ ನೋಡಿ. ಎಡಕುಮೇರಿ, ಶಿರಿಬಾಗಿಲು ದಾಟುವಾಗ ಕಾಫಿ ಲೋಟ ಕೈಯಲ್ಲೇ ತಣ್ಣಗಾಗುತ್ತದೆ.

ಇಷ್ಟರಲ್ಲಿ ನನಗೊಂದು ಅನುಮಾನ ಶುರುವಾಯಿತು. ಇಂಥ ವಿಡಿಯೋಗಳು ನೆಮ್ಮದಿ ಕೊಡುತ್ತವೆ ಅನ್ನುವುದು ಅರ್ಧ ಸುಳ್ಳು. ಅವು ಕೊಡುವುದು ಮೇಸ್ತ್ರಿಗಿರಿ. ರಸ್ತೆಯಲ್ಲಿ ಜೆಸಿಬಿ ಅಗೆಯುತ್ತಿದ್ದರೆ ಸುತ್ತ ನಾಲ್ಕು ಜನ ಕೈಕಟ್ಟಿ ನಿಲ್ಲುವುದಿಲ್ಲವೇ? ಮೈಯೆಲ್ಲ ಬಗ್ಗಿಸಿ ಇನ್ನೊಬ್ಬ ದುಡಿಯುತ್ತಿರಬೇಕು, ನಾವು ಕೂತಲ್ಲಿಂದ "ಇನ್ನೂ ಸ್ವಲ್ಪ ಎಡಕ್ಕೆ" ಅನ್ನುತ್ತಿರಬೇಕು. ಆ ಸುಖವೇ ಬೇರೆ.

'ಪ್ರಿಮಿಟಿವ್ ಟೆಕ್ನಾಲಜಿ'ಯನ್ನೇ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ಜಾನ್ ಪ್ಲಾಂಟ್ 2015ರಿಂದ ನಡೆಸುತ್ತಿರುವ ಚಾನೆಲ್. ಒಂದು ಚಡ್ಡಿ ತೊಟ್ಟು ಕಾಡಿಗೆ ಹೋಗುತ್ತಾನೆ, ಕಲ್ಲಿನಿಂದ ಕೊಡಲಿ ಮಾಡಿಕೊಳ್ಳುತ್ತಾನೆ, ಮಣ್ಣು ತುಳಿದು ಹೆಂಚು ತಟ್ಟಿ, ಭಟ್ಟಿ ಹಾಕಿ ಸುಟ್ಟು, ಮನೆ ಹೊದಿಸುತ್ತಾನೆ. ಒಂದೇ ಒಂದು ಮಾತಿಲ್ಲ. ಅವನು ಆಡದ ಮಾತನ್ನೆಲ್ಲ ಮಾವನವರು ಆಡುತ್ತಾರೆ. "ಮಣ್ಣು ಹದ ಬಂದಿಲ್ಲ... ಒಂದಿನ ನೆರಳಲ್ಲಿ ಒಣಗಬೇಕಿತ್ತು... ಗೋಡೆಗೆ ತೂಕದ ಗುಂಡು ಬಿಟ್ಟು ನೋಡೋ ಮಾರಾಯ!" ಜೀವಮಾನದಲ್ಲಿ ಎದುರುತ್ತರ ಕೊಡದ ಒಬ್ಬ ಕಂಟ್ರಾಕ್ಟರು ಅವರಿಗೆ ಕೊನೆಗೂ ಸಿಕ್ಕಿದ್ದಾನೆ.

ನಾವಷ್ಟೇ ಹೀಗೆ ಎಂದು ನಾಚಬೇಕಾಗಿಲ್ಲ. ಅದೇ ನಾರ್ವೆಯವರು 2013ರ ಫೆಬ್ರವರಿಯಲ್ಲಿ ಹನ್ನೆರಡು ಗಂಟೆ ಸೌದೆಯ ಕಾರ್ಯಕ್ರಮ ಮಾಡಿದರು. ಮೊದಲು ಸೀಳುವುದು, ಒಟ್ಟುವುದು. ಆಮೇಲೆ ಎಂಟು ಗಂಟೆ ಬರೀ ಬೆಂಕಿ ಉರಿಯುವುದು. ಟಿವಿಯವರಿಗೆ ದೂರು ಹೋಯಿತು. ಬೇಸರವಾಯಿತೆಂದಲ್ಲ! ಸೌದೆ ಒಟ್ಟುವಾಗ ತೊಗಟೆ ಮೇಲೆ ಬಂದದ್ದು ತಪ್ಪೆಂದು ಅರ್ಧ ಜನ, ಕೆಳಗೆ ಹೋದದ್ದು ತಪ್ಪೆಂದು ಇನ್ನರ್ಧ ಜನ. ಇದನ್ನು ಊಟದ ಹೊತ್ತಿಗೆ ಹೇಳಿದ್ದೇ ನನ್ನ ತಪ್ಪು. ತೊಗಟೆ ಮೇಲಿದ್ದರೆ ಮಳೆನೀರು ಜಾರುತ್ತದೆಂದು ಮಾವ. ಹೊಗೆಯಲ್ಲಿ ಕಣ್ಣುರಿಸಿಕೊಂಡು ಒಲೆ ಊದಿದವಳು ತಾನು, ಕೆಳಗಿರಬೇಕೆಂದು ಅತ್ತೆ. ಮನೆಯಲ್ಲಿ ಗ್ಯಾಸ್ ಬಂದು ಮೂವತ್ತು ವರ್ಷವಾಗಿದೆ.

ಅತ್ತೆಗೆ ಚೀನಾದ ಲೀ ಝೀಚಿ ಅಂದರೆ ಪ್ರಾಣ. ಸಿಚುವಾನಿನ ಹಳ್ಳಿಯಲ್ಲಿ ಅಜ್ಜಿಯ ಜೊತೆಗಿದ್ದು, ಬಿತ್ತಿ ಬೆಳೆದು, ಕೊಯ್ದು, ಅಡುಗೆ ಮಾಡಿ ಬಡಿಸುವ ಹುಡುಗಿ. ಅವಳದೂ ಮಾತು ಕಡಿಮೆ. ನೋಡಲು ಕಣ್ಣಿಗೆ ತಂಪೇ. ಆದರೆ ಪ್ರತಿ ವಿಡಿಯೋ ಮುಗಿದಾಗಲೂ ಅತ್ತೆ ನಿಟ್ಟುಸಿರು ಬಿಟ್ಟು, "ಅಜ್ಜಿಗೆ ಎಷ್ಟ್ ಮಾಡ್ತದೆ ನೋಡಮ್ಮ ಹುಡುಗಿ" ಎಂದು ನನ್ನ ಕಡೆ ತಿರುಗುತ್ತಾರೆ. ನನ್ನ ಒತ್ತಡ ಮೊದಲಿದ್ದಲ್ಲಿಗೇ ಬರುತ್ತದೆ. 2021ರಲ್ಲಿ ಆಕೆ ಹೊಸ ವಿಡಿಯೋ ಹಾಕುವುದನ್ನೇ ನಿಲ್ಲಿಸಿ, ಮರಳಿದ್ದು 2024ರ ನವೆಂಬರಿನಲ್ಲಿ. ನಡುವೆ ಮೂರು ವರ್ಷ ಎಲ್ಲಿಗೆ ಹೋಗಿದ್ದಳೆಂದು ಅತ್ತೆ ಕೇಳಿ, ತಾವೇ ಉತ್ತರಿಸಿಕೊಂಡರು: "ಮದುವೆ ಆಗಿತ್ತೇನೋ, ಬಿಡುವು ಎಲ್ಲಿಂದ ಬರಬೇಕು."

ಮೇಸ್ತ್ರಿಗಿರಿಗೆ ಬಗ್ಗದವನು ಬಾಬ್ ರಾಸ್ ಒಬ್ಬನೇ. ಗುಂಗುರು ಕೂದಲಿನ ಈ ಅಮೆರಿಕದ ಚಿತ್ರಕಾರ 1983ರಿಂದ 1994ರವರೆಗೆ ಟಿವಿಯಲ್ಲಿ 403 ಕಂತು ನಡೆಸಿದ. ಅವು ಈಗ ಯೂಟ್ಯೂಬಿನಲ್ಲಿವೆ. ಮೆಲುದನಿಯಲ್ಲಿ ಗೊಣಗುತ್ತಾ ಅರ್ಧ ಗಂಟೆಯೊಳಗೆ ಬೆಟ್ಟ, ಮರ, ಕೆರೆ ಎಲ್ಲ ಎಬ್ಬಿಸಿಬಿಡುತ್ತಾನೆ. ನಮ್ಮಲ್ಲಿ ಯಾರಿಗೂ ಚಿತ್ರ ಬರೆಯಲು ಬರುವುದಿಲ್ಲವಾದ್ದರಿಂದ ತಪ್ಪು ಹುಡುಕಲು ಜಾಗವಿಲ್ಲ. ಮಧ್ಯಾಹ್ನ ಹಾಕಿದರೆ ಬೆಟ್ಟ ಮೂಡುವಷ್ಟರಲ್ಲಿ ಮಾವ, ಮರ ಮೂಡುವಷ್ಟರಲ್ಲಿ ಅತ್ತೆ, ಅದರ ಹಿಂದೆಯೇ ನಾನು. ಅವನ ಒಂದು ಚಿತ್ರವೂ ಮುಗಿದದ್ದನ್ನು ನಾವಿನ್ನೂ ಕಂಡಿಲ್ಲ. ಮಂಡಿನೋವಿನ ಎಣ್ಣೆಯ ಜಾಹೀರಾತು ನಡುವೆ ಬಂದು ಕಿರುಚಿದಾಗ ಮೂವರೂ ಒಟ್ಟಿಗೆ ಬೆಚ್ಚಿಬೀಳುತ್ತೇವೆ.

ಈಚೆಗೆ ನನಗೂ ಒಂದು ಉಸ್ತುವಾರಿ ಸಿಕ್ಕಿದೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಊರಿನ ಕಾಲುವೆಯಲ್ಲಿ ದೋಣಿಗೆಂದು ತೆರೆಯುವ ಒಂದು ಗೇಟಿದೆ. ವಸಂತದಲ್ಲಿ ದೋಣಿ ಕಡಿಮೆ, ಗೇಟು ಮುಚ್ಚಿಯೇ ಇರುತ್ತದೆ. ಮೊಟ್ಟೆಯಿಡಲು ಹೊರಟ ಮೀನುಗಳು ಅದರ ಮುಂದೆ ಕಾಯುತ್ತ ಹಕ್ಕಿಗಳ ಬಾಯಿಗೆ ಬೀಳುತ್ತವೆ. ಅದಕ್ಕೆ 2021ರಿಂದ ನೀರೊಳಗೊಂದು ಕ್ಯಾಮೆರಾ ಇಟ್ಟಿದ್ದಾರೆ. ಜಗತ್ತಿನಲ್ಲಿ ಎಲ್ಲಿ ಕೂತಿದ್ದರೂ ಸರಿ, ಮೀನು ಕಂಡರೆ ತೆರೆಯ ಮೇಲಿನ ಗಂಟೆ ಒತ್ತಬೇಕು. ಮೀನು ಸಾಕಷ್ಟು ಸೇರಿದರೆ ಗೇಟಿನವನು ಬಾಗಿಲು ತೆಗೆಯುತ್ತಾನೆ. ನಮಗೆ ಬೆಳಗಿನ ಐದು ಗಂಟೆ ಅಂದರೆ ಅಲ್ಲಿ ನಡುರಾತ್ರಿ. ಮೀನು ಓಡಾಡುವ ಹೊತ್ತು. ಡಾಕ್ಟರು ಹೇಳಿದ ಹಾಗೆ ಐದಕ್ಕೇ ಏಳುತ್ತಿದ್ದೇನೆ. ನಡೆಯುವುದಕ್ಕೆ ಮಾತ್ರ ಪುರುಸೊತ್ತಿಲ್ಲ.

ಮೊನ್ನೆ ಮುಕ್ಕಾಲು ಗಂಟೆ ಹಸಿರು ನೀರನ್ನೇ ನೋಡಿ ನೋಡಿ, ಏನೋ ಹೊಳೆದಂತಾಗಿ ಗಂಟೆ ಒತ್ತಿದೆ. ಎಲೆಯಿದ್ದರೂ ಇರಬಹುದು. ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಹಾಲಿನವನು ನಮ್ಮ ಬಾಗಿಲಲ್ಲಿ ಮೂರು ಸಲ ಗಂಟೆ ಒತ್ತಿ, ಪ್ಯಾಕೆಟ್ಟನ್ನು ಮೆಟ್ಟಿಲ ಮೇಲಿಟ್ಟು ಹೋಗಿದ್ದನಂತೆ. ಪಕ್ಕದ ಮನೆಯ ಬೆಕ್ಕು ಅದನ್ನು ಹರಿದು, ಆರಾಮಾಗಿ, ಸ್ವಲ್ಪವೂ ಅವಸರವಿಲ್ಲದೆ ನೆಕ್ಕುತ್ತಿತ್ತು. ಓಡಿಸಲು ಹೋದ ಅತ್ತೆಯೂ ನಾನೂ ಐದು ನಿಮಿಷ ಬಾಗಿಲಲ್ಲಿ ನಿಂತು ಅದನ್ನೇ ನೋಡಿದೆವು.