ಕೈಗೆ ಎಷ್ಟು ಬರುತ್ತೆ?

ನಮ್ಮೂರಿನಲ್ಲಿ ಬೆಂಗಳೂರಿನಿಂದ ಬಂದವರಿಗೆ ಮೂರು ಪ್ರಶ್ನೆ ಕಾದಿರುತ್ತವೆ. ಯಾವಾಗ ಬಂದೆ, ಯಾವಾಗ ಹೋಗ್ತೀಯ, ಸಂಬಳ ಎಷ್ಟು. ಮೊದಲೆರಡಕ್ಕೆ ಬಸ್ಸಿನಿಂದ ಇಳಿಯುತ್ತಲೇ ಉತ್ತರ ಹೇಳಿಬಿಡಬಹುದು. ಮೂರನೆಯದಕ್ಕೆ ಇಪ್ಪತ್ತೈದು ವರ್ಷದಿಂದ ನಾನು 'ಏನೋ ನಡೀತಾ ಇದೆ' ಅಂತಲೇ ಹೇಳಿಕೊಂಡು ಬಂದಿದ್ದೇನೆ. ಕೇಳಿದವರು ಇದನ್ನು ವಿನಯ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ಯಾವ ಅಂಕಿ ಹೇಳಬೇಕು ಅನ್ನುವುದೇ ನನಗೆ ಗೊತ್ತಾಗುವುದಿಲ್ಲ.

ಅಪ್ಪನಿಗೆ ಈ ತಾಪತ್ರಯ ಇರಲಿಲ್ಲ. ಅವರು ತಿಪಟೂರಿನ ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು, ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರ ವೇತನ ಶ್ರೇಣಿ ಸರ್ಕಾರಿ ಆದೇಶದಲ್ಲಿ ಅಚ್ಚಾಗಿರುತ್ತಿತ್ತು. ಇನ್‌ಕ್ರಿಮೆಂಟ್ ಯಾವ ತಿಂಗಳು, ತುಟ್ಟಿಭತ್ಯೆ ಎಷ್ಟು ಕಂತು ಬಾಕಿ ಅನ್ನುವುದು ಕಿರಾಣಿ ಅಂಗಡಿಯ ಶೆಟ್ಟರಿಗೂ ಬಾಯಿಪಾಠವಾಗಿತ್ತು. ಅದನ್ನು ನೋಡಿಕೊಂಡೇ ಅವರು ಸಾಲದ ಪುಸ್ತಕದಲ್ಲಿ ಸಕ್ಕರೆ, ಬೇಳೆ ಬರೆಯುತ್ತಿದ್ದರು. ನನ್ನ ಸಂಬಳದ ಕಾಗದದ ಮೇಲೆ ಮಾತ್ರ 'ಗೌಪ್ಯ' ಎಂದು ಬರೆದಿರುತ್ತದೆ. ಪಕ್ಕದ ಕುರ್ಚಿಯವನಿಗೂ ಹೇಳುವಂತಿಲ್ಲ.

2024ರ ಬೇಸಿಗೆಯಲ್ಲಿ ಅಕ್ಕನ ಮಗನಿಗೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಆಫರ್ ಲೆಟರ್ ಬಂತು. ಕ್ಯಾಂಪಸ್‌ನಲ್ಲಿ ಆಯ್ಕೆಯಾಗಿ ಹತ್ತು ತಿಂಗಳು ಕಾದ ಮೇಲೆ ಬಂದ ಕಾಗದ. ಅಕ್ಕ ಬೀದಿಗೆಲ್ಲ ಮೈಸೂರು ಪಾಕು ಹಂಚಿದಳು. ವರ್ಷಕ್ಕೆ 3,60,000 ರೂಪಾಯಿ. ಅಪ್ಪ ಜಗಲಿ ಮೇಲೆ ಕೂತು, ಕನ್ನಡಕ ಒರೆಸಿ ಹಾಕಿಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದರು. ನಿವೃತ್ತರಾಗಿ ಇಪ್ಪತ್ತು ವರ್ಷ ಕಳೆದರೂ ಆ ಪೆನ್ನು ಜೇಬು ಬಿಟ್ಟಿಲ್ಲ. ಮದುವೆ ಕರೆಯೋಲೆಯಲ್ಲೂ ಕಾಗುಣಿತ ತಿದ್ದುತ್ತಾರೆ.

'ಅಲ್ಲಿಗೆ ತಿಂಗಳಿಗೆ 30,000 ಆಯ್ತು. ಸರಿಯೇನಪ್ಪಾ?'

'ಸರಿ ತಾತ.'

ಕೊನೆಯ ಹಾಳೆಯಲ್ಲಿದ್ದ ಕೋಷ್ಟಕದ ಮೇಲೆ ಪೆನ್ನು ಇಳಿಯತೊಡಗಿತು. 'ಬೇಸಿಕ್ 12,000. ಮನೆ ಬಾಡಿಗೆ ಭತ್ಯೆ 4,800. ಇಷ್ಟಕ್ಕೆ ಬೆಂಗಳೂರಲ್ಲಿ ಏನು ಸಿಗುತ್ತೋ?' ಎಂದು ನನ್ನ ಕಡೆ ನೋಡಿದರು. ಮೂವರಿರುವ ಪಿಜಿ ರೂಮಿನಲ್ಲಿ ಒಂದು ಮಂಚ ಸಿಗುತ್ತೆ, ಹಾಸಿಗೆ ಬೇಕಿದ್ದರೆ ಇನ್ನಷ್ಟು ಕೊಡಬೇಕಾಗುತ್ತೆ ಎಂದೆ. ಪೆನ್ನು ಮುಂದೆ ಹೋಯಿತು.

'ವೇರಿಯೆಬಲ್ ಪೇ, ವರ್ಷಕ್ಕೆ 36,000. ವೇರಿಯೆಬಲ್ ಅಂದರೆ ಚರಾಕ್ಷರ ಅಲ್ವೇನೋ?'

'ಹೌದು ತಾತ.'

'ಎಕ್ಸ್ ಬೆಲೆ ಕಂಡುಹಿಡಿಯೋರು ಯಾರು?'

'ಕಂಪನಿಯೋರು.'

'ಸೊನ್ನೆನೂ ಬರಬಹುದು?'

'ಬರಬಹುದು.'

ಅಪ್ಪ ಆ ಸಾಲನ್ನು ಹೊಡೆದು ಹಾಕಿದರು. ಮುಂದಿನದು ಪಿಎಫ್‌ಗೆ ಕಂಪನಿಯ ಪಾಲು, ವರ್ಷಕ್ಕೆ 17,280. ಕಂಪನಿಯ ಪಾಲು ಅಂದಮೇಲೆ ಹುಡುಗನ ಸಂಬಳದಲ್ಲಿ ಯಾಕೆ ಎಣಿಸಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ನಮ್ಮಿಬ್ಬರಲ್ಲೂ ಇರಲಿಲ್ಲ. ಆಮೇಲೆ ಗ್ರಾಚ್ಯುಯಿಟಿ, 6,926. ಅಪ್ಪನಿಗೆ ಆ ಕಾನೂನು ಚೆನ್ನಾಗಿ ಗೊತ್ತು. 'ಐದು ವರ್ಷ ಇದ್ದರೆ ತಾನೇ ಇದು ಸಿಗೋದು? ಐದು ವರ್ಷ ಅಲ್ಲೇ ಇರ್ತೀಯಾ?' ಹುಡುಗ ಬಾಯಿತಪ್ಪಿ ನಿಜ ಹೇಳಿಬಿಟ್ಟ. 'ಇಲ್ಲ ತಾತ, ವರ್ಷ ಒಂದೂವರೆ ವರ್ಷಕ್ಕೆ ಬೇರೆ ಕಡೆ ನೋಡ್ಕೋತೀನಿ.' ಅದಕ್ಕೂ ಗೆರೆ ಬಿತ್ತು. ಆಸ್ಪತ್ರೆ ವಿಮೆಯ ಕಂತು 6,000, ಅದಕ್ಕೂ. ಕೊನೆಗೆ ಹುಡುಗನ ಪಾಲಿನ ಪಿಎಫ್ ತಿಂಗಳಿಗೆ 1,440 ಕಳೆದು, ಬೋರ್ಡಿನ ಮೇಲೆ ಮಾಡುತ್ತಿದ್ದ ಹಾಗೆ ಉತ್ತರದ ಕೆಳಗೆ ಎರಡು ಗೆರೆ ಎಳೆದರು: 23,043.

ನಾನು ಸಮಾಧಾನ ಹೇಳಲು ಹೋದೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ಮಾತ್ರ ವೃತ್ತಿ ತೆರಿಗೆ, ಇವನಿಗೆ ಅದೂ ಇಲ್ಲ ಎಂದೆ. ಅಕ್ಕ ಮೈಸೂರು ಪಾಕಿನ ಡಬ್ಬ ಎತ್ತಿಕೊಂಡು ಒಳಗೆ ಹೋದಳು.

ಸಿಟಿಸಿ ಎಂಬ ಪದ ಕಂಡುಹಿಡಿದವನು ಗಟ್ಟಿಗ. ಕಂಪನಿಗೆ ತಗಲುವ ಖರ್ಚು ಎಂದು ಅದರ ಅರ್ಥ. ಹಿಂಡಿ, ಬೂಸಾ, ಮೂಗುದಾರ, ಕೊಟ್ಟಿಗೆಗೆ ಬಳಿದ ಸುಣ್ಣ ಎಲ್ಲ ಕೂಡಿಸಿ ಹಸುವಿಗೆ ನಾವು ಇಷ್ಟು ಕೊಡುತ್ತೇವೆ ಎಂದು ಹಸುವಿಗೇ ಹೇಳಿದ ಹಾಗೆ. ಸಂಬಂಧ ಕುದುರಿಸುವಾಗ ಹುಡುಗನ ಕಡೆಯವರು ಹೇಳುವುದು ಸಿಟಿಸಿ. ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದು ಕೈಗೆ ಬರುವುದನ್ನು. ಇಬ್ಬರಲ್ಲಿ ಬ್ಯಾಂಕಿನವರೇ ಜಾಣರು.

ನನ್ನ ಕಥೆ ಬೇರೆ. ನಾನು ಕೆಲಸಕ್ಕೆ ಸೇರಿದ್ದು 1999ರಲ್ಲಿ. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರಿಂದ 2000 ಬಂದೊಡನೆ ಕಂಪ್ಯೂಟರುಗಳಿಗೆ ದಿಕ್ಕು ತಪ್ಪುತ್ತದೆ ಎಂದು ಲೋಕವೆಲ್ಲ ಹೆದರಿದ್ದ ಕಾಲ. ಅವನ್ನು ತಿದ್ದಲು ಕೋಬಾಲ್ ಬಲ್ಲವರು ಬೇಕಿತ್ತು. ಅಮೆರಿಕದಲ್ಲಿ ಆಗಲೇ ಮುದಿಯಾಗಿದ್ದ ಭಾಷೆಯನ್ನು ನಾನು ಜಯನಗರದ ಒಂದು ಮಹಡಿಯ ಮೇಲೆ ಮೂರು ತಿಂಗಳಲ್ಲಿ ಕಲಿತೆ. ಸಂಬಳ ತಿಂಗಳಿಗೆ 11,500. ಊರಿಗೆ ಹೋಗಿ ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಮೂವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಅವರ ಸಂಬಳಕ್ಕೂ ನನ್ನ ಮೊದಲ ತಿಂಗಳಿನದಕ್ಕೂ ಐನೂರು ರೂಪಾಯಿ ಅಂತರವಿತ್ತು. ಸ್ವಲ್ಪ ಹೊತ್ತಾದ ಮೇಲೆ 'ಪೆನ್ಷನ್ ಇದೆಯಾ?' ಎಂದು ಕೇಳಿದರು. ಇಲ್ಲ ಎಂದೆ. ಅವರ ಮುಖ ಸ್ವಲ್ಪ ಗೆಲುವಾಯಿತು.

ನಾನು ಅಳಿಯನಿಗಿಂತ ಬುದ್ಧಿವಂತ ಎಂದು ಯಾರೂ ತಿಳಿಯಬೇಕಾಗಿಲ್ಲ. ಅವನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುವ ಕೆಲಸಕ್ಕೆ ನನಗೆ ಆಗ ವಾರ ಹಿಡಿಯುತ್ತಿತ್ತು. ಆದರೆ ನಾನು ತಲೆ ಎಣಿಸಿ ಕರೆಯುತ್ತಿದ್ದ ಕಾಲದಲ್ಲಿ ಹೋದೆ. ಅವನು ಹೋಗುವ ಹೊತ್ತಿಗೆ ರಾಜ್ಯದಲ್ಲಿ ಇನ್ನೂರರ ಆಸುಪಾಸು ಇಂಜಿನಿಯರಿಂಗ್ ಕಾಲೇಜುಗಳು ಎದ್ದು ನಿಂತಿದ್ದವು. 2010ರ ಸುಮಾರಿಗೆ ದೊಡ್ಡ ಸೇವಾ ಕಂಪನಿಗಳು ಹೊಸಬರಿಗೆ ಕೊಡುತ್ತಿದ್ದದ್ದು ವರ್ಷಕ್ಕೆ ಮೂರು, ಮೂರೂಕಾಲು ಲಕ್ಷ. ಹದಿನಾಲ್ಕು ವರ್ಷ ಬಿಟ್ಟು ನೋಡಿದರೆ ಮೂರೂವರೆ. ಅಷ್ಟರಲ್ಲಿ ನಮ್ಮ ಬೀದಿಯ ದರ್ಶಿನಿಯಲ್ಲಿ ಮಸಾಲೆ ದೋಸೆ ಮೂವತ್ತರಿಂದ ಎಂಬತ್ತಕ್ಕೆ ಹೋಯಿತು. ದೋಸೆ ಹುಯ್ಯುವವನ ಸಂಬಳವಾದರೂ ಏರಿತ್ತು. ಅದೇ 2024ರಲ್ಲಿ ಒಂದು ದೊಡ್ಡ ಕಂಪನಿ ಪದವೀಧರರಿಗೆ ವರ್ಷಕ್ಕೆ 2.52 ಲಕ್ಷ ಎಂದು ಜಾಹೀರಾತು ಕೊಟ್ಟು ದೇಶದ ತುಂಬ ನಗೆಪಾಟಲಾಯಿತು. ಅರ್ಜಿಗಳಂತೂ ಬಂದವು.

ತಿಪಟೂರಿನವನಾದ್ದರಿಂದ ನನಗೆ ಇದೆಲ್ಲ ಕೊಬ್ಬರಿಯ ಲೆಕ್ಕದಲ್ಲಿಯೇ ಅರ್ಥವಾಗುವುದು. ನಮ್ಮ ಕಡೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕಾಯಿ ಅಲುಗಿಸಿದರೆ ಲೊಟಲೊಟ ಎಂದಾಗ ಉಂಡೆ ಕೊಬ್ಬರಿ ತಯಾರು. ನಮ್ಮ ಕಂಪನಿಗಳಲ್ಲೂ ಒಂದು ಅಟ್ಟ ಇದೆ, ಅದಕ್ಕೆ ಬೆಂಚ್ ಎನ್ನುತ್ತಾರೆ. ಪ್ರಾಜೆಕ್ಟ್ ಸಿಗದವರನ್ನು ಅಲ್ಲಿ ಕೂರಿಸುತ್ತಾರೆ. ಕೊಬ್ಬರಿ ಅಟ್ಟದಲ್ಲಿ ಕೂತಷ್ಟೂ ಬೆಲೆ, ಮನುಷ್ಯ ಬೆಂಚಿನಲ್ಲಿ ಕೂತಷ್ಟೂ ಅಗ್ಗ. ಯಾಕೆಂದರೆ ನಮ್ಮನ್ನು ಹೊರದೇಶದ ಗಿರಾಕಿಗೆ ಗಂಟೆಗೆ ಇಪ್ಪತ್ತು, ಮೂವತ್ತು ಡಾಲರಿನ ಲೆಕ್ಕದಲ್ಲಿ ಬರೆದು ಕೊಟ್ಟಿರುತ್ತಾರೆ. ಆ ಗಂಟೆ ಓಡುತ್ತಿರಬೇಕು. ಗಿರಾಕಿ ಬ್ಯಾಂಕಿನವನಾದರೆ ಒಂದು ದರ, ಚಿಲ್ಲರೆ ಅಂಗಡಿಯವನಾದರೆ ಇನ್ನೊಂದು. ಮೂರು ತಿಂಗಳು ಗಿರಾಕಿ ಸಿಗದಿದ್ದರೆ ಎಚ್‌ಆರ್‌ನವರು ಬಹಳ ಪ್ರೀತಿಯಿಂದ ಮಾತಾಡಿಸಲು ಶುರುಮಾಡುತ್ತಾರೆ.

ಹದಿನೈದು ವರ್ಷದ ಹಿಂದೆ ಒಂದು ಕಚೇರಿಯಲ್ಲಿದ್ದಾಗ ರಜೆಯ ಅರ್ಜಿ ಪ್ರಿಂಟ್ ಮಾಡಲು ಹೋದೆ. ಪ್ರಿಂಟರಿನ ತಟ್ಟೆಯಲ್ಲಿ ಯಾರೋ ಮರೆತು ಹೋದ ಸಂಬಳದ ಚೀಟಿ ಇತ್ತು. ನೋಡಬಾರದು, ನೋಡಿದೆ. ಎರಡು ತಿಂಗಳ ಹಿಂದೆ ಸೇರಿದ್ದ ಹುಡುಗನದು. ಡೇಟಾಬೇಸ್ ಎಂದರೇನೆಂದು ನಾನೇ ಪಕ್ಕ ಕೂರಿಸಿಕೊಂಡು ಹೇಳಿಕೊಡುತ್ತಿದ್ದೆ. ನನಗಿಂತ ತಿಂಗಳಿಗೆ 14,000 ಜಾಸ್ತಿ. ಚೀಟಿಯನ್ನು ಮಗುಚಿಟ್ಟು ಕ್ಯಾಂಟೀನಿಗೆ ಹೋಗಿ ಒಂದು ಟೀ ಕುಡಿದೆ, ಇನ್ನೊಂದು ಕುಡಿದೆ. ಸಂಜೆ ಅವನು ಬಂದು 'ಸರ್, ಇಂಡೆಕ್ಸ್ ಅಂದ್ರೆ ಏನು?' ಎಂದು ಕೇಳಿದ. 'ನಿನಗೇ ಗೊತ್ತಿರಬೇಕಲ್ಲಪ್ಪ' ಎಂದೆ. ಪಾಪ, ಅವನಿಗೆ ಅರ್ಥವಾಗಲಿಲ್ಲ.

ಅವನು ಮಾಡಿದ್ದು ಇಷ್ಟೇ. ಮೂರು ವರ್ಷದಲ್ಲಿ ಎರಡು ಕಂಪನಿ ಬದಲಾಯಿಸಿದ್ದ. ಹೊಸ ಕಂಪನಿಯವರು ಮೊದಲು ಕೇಳುವುದು 'ಈಗಿನ ಸಿಟಿಸಿ ಎಷ್ಟು?' ಅದರ ಮೇಲೆ ಇಪ್ಪತ್ತೋ ಮೂವತ್ತೋ ಪರ್ಸೆಂಟ್ ಕಟ್ಟುತ್ತಾರೆ. ಒಂದೇ ಕಡೆ ಕೂತವನಿಗೆ ವರ್ಷಕ್ಕೆ ಏಳು, ಎಂಟು. ಇದರಿಂದ ಮೊದಲ ಕೆಲಸದ ಸಂಬಳ ಜನ್ಮನಕ್ಷತ್ರದ ಹಾಗೆ ಬೆನ್ನಿಗಂಟುತ್ತದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಸಂಕೋಚದಿಂದ ಒಪ್ಪಿಕೊಂಡ ಅಂಕಿಯ ಚಕ್ರಬಡ್ಡಿಯನ್ನು ಐವತ್ತರವರೆಗೂ ಉಣ್ಣುತ್ತಿರಬೇಕು. ನಾನು ಚೌಕಾಸಿ ಮಾಡಿದವನೇ ಅಲ್ಲ. ಸೊಪ್ಪಿನವಳ ಹತ್ತಿರವೂ ಹೇಳಿದಷ್ಟು ಕೊಟ್ಟು ಬರುತ್ತೇನೆ ಎಂದು ನನ್ನ ಹೆಂಡತಿಯ ದೂರು. 2021, 22ರಲ್ಲಿ ಹುಡುಗರು ಮೂರು ಮೂರು ಆಫರ್ ಹಿಡಿದು, ತೊಂಬತ್ತು ದಿನದ ನೋಟಿಸ್ ಪೀರಿಯಡ್ಡಿನಲ್ಲಿ ಒಂದನ್ನು ಇನ್ನೊಂದರ ಮುಂದೆ ಹಿಡಿದು ಸಂಬಳ ದುಪ್ಪಟ್ಟು ಮಾಡಿಕೊಂಡರು. ನಾನು ಅವರಿಗೆಲ್ಲ ಬೀಳ್ಕೊಡುಗೆಯ ಕೇಕ್ ತರಿಸುವ ಕೆಲಸ ನೋಡಿಕೊಂಡೆ.

ಸಂಬಳಕ್ಕೆ ನೆಲದ ಗುಣವೂ ಸೇರುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಂಪನಿ ನನ್ನನ್ನು ನ್ಯೂಜೆರ್ಸಿಗೆ ಕಳಿಸಿತು. ಅದೇ ಕುರ್ಚಿಯಂಥ ಕುರ್ಚಿ, ಅದೇ ಕೋಬಾಲ್. ಸಂಬಳ ಮಾತ್ರ ವರ್ಷಕ್ಕೆ 60,000 ಡಾಲರ್. ಆ ಅಂಕಿಯೂ ನನ್ನ ಯೋಗ್ಯತೆಯಿಂದ ಬಂದದ್ದಲ್ಲ. 1998ರ ಅಮೆರಿಕದ ಕಾನೂನಿನ ಪ್ರಕಾರ ಎಚ್1ಬಿ ವೀಸಾದವರಿಗೆ ಅಷ್ಟು ಕೊಟ್ಟರೆ ನಮ್ಮಂಥ ಕಂಪನಿಗಳಿಗೆ ಕೆಲವು ಕಟ್ಟುಪಾಡು ತಪ್ಪುತ್ತಿದ್ದವು. ಅಪ್ಪ ಅದನ್ನು ಆಗಿನ ದರದಂತೆ 45ರಿಂದ ಗುಣಿಸಿ 27 ಲಕ್ಷ ಎಂದು ಕಂಡುಕೊಂಡರು. ಹೆಮ್ಮೆಗೆ ಯಾರಿಗೋ ಹೇಳಿದರು. ಎಂಟು ದಿನಕ್ಕೆ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯವರು ರಸೀದಿ ಪುಸ್ತಕದೊಂದಿಗೆ ಮನೆಗೆ ಬಂದರು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಾನು ಕೊಡುತ್ತಿದ್ದ ಬಾಡಿಗೆಯನ್ನು ಯಾರೂ 45ರಿಂದ ಗುಣಿಸಲಿಲ್ಲ. ಆಮೇಲೆ ಆ ದಾರಿಯೂ ದುಬಾರಿಯಾಯಿತು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಇಟ್ಟರು.

ಸಂಬಳಕ್ಕಿಂತ ಷೇರಿನಿಂದ ಉದ್ಧಾರವಾದವರ ಕಥೆಗಳೂ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೆ ಒಂದರಂತೆ ಷೇರು ಬಿಟ್ಟಾಗ ಜನ ಪೂರ್ತಿ ಕೊಳ್ಳಲೂ ಇಲ್ಲ. ಆಮೇಲೆ ಅದು ಏರಿದ ಪರಿಯಲ್ಲಿ ಆ ಕಂಪನಿಯ ಡ್ರೈವರುಗಳೂ ಕೋಟ್ಯಧೀಶರಾದರು ಎಂಬುದು ಊರಿಗೆಲ್ಲ ಗೊತ್ತಿರುವ ಮಾತು. ನೂರು ಷೇರಿಗೆ 9,500 ಆಗುತ್ತಿತ್ತು. ಅದೇ ವರ್ಷ ಅಪ್ಪ ಹೆಚ್ಚುಕಮ್ಮಿ ಅಷ್ಟೇ ದುಡ್ಡು ಕೊಟ್ಟು ಒಂದು ಸೀಮೆಹಸು ತಂದರು. ಈ ವಿಷಯ ಎತ್ತಿದರೆ ಅಮ್ಮನಿಗೆ ಈಗಲೂ ಸಿಟ್ಟು ಬರುತ್ತದೆ. 'ಹಸು ಆರು ಕರು ಹಾಕಿತು. ನೀನು ಕುಡಿದಿದ್ದು ಆ ಹಾಲನ್ನೇ' ಎನ್ನುತ್ತಾಳೆ.

ಇನ್ನು ಬೆಂಗಳೂರಿನ ಖರ್ಚಿನ ವಿಷಯ ಬೇಡ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ನಾನು ಸಂಬಳ ಎಣಿಸಿದ ಅಷ್ಟೂ ವರ್ಷ, 1962ರ ಆದಾಯ ತೆರಿಗೆ ನಿಯಮಗಳ ದೃಷ್ಟಿಯಲ್ಲಿ ಬೆಂಗಳೂರು ಮಹಾನಗರವಾಗಿರಲಿಲ್ಲ. ಬಾಡಿಗೆಯ ವಿನಾಯಿತಿಗೆ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಯವರು ಬೇಸಿಕ್‌ನ ಶೇ 50ರವರೆಗೆ ಲೆಕ್ಕ ಹಿಡಿಯಬಹುದಿತ್ತು, ನಮಗೆ ಶೇ 40. ಇತ್ತ ಮನೆ ಮಾಲೀಕರು ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುತ್ತಿದ್ದರು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ನಿಂತಾಗಲೆಲ್ಲ ನಾನು ಆ ನಿಯಮ ಬರೆದವರನ್ನು ನೆನೆಯುತ್ತಿದ್ದೆ.

ಅಳಿಯ ಹೇಳಿದ ಹಾಗೆಯೇ ಒಂದೂವರೆ ವರ್ಷಕ್ಕೆ ಬೇರೆ ಕಡೆ ನೋಡಿಕೊಂಡ. 2025ರ ಕೊನೆಗೆ ಹೊಸ ಆಫರ್ ಬಂತು, ಆರು ಲಕ್ಷ. ಈ ಸಲ ಅವನೇ ಮೊದಲು ಫೋನಿನಲ್ಲಿ ತಾತನಿಗೆ ಕೋಷ್ಟಕ ಓದಿ ಹೇಳಿದ. ಫಿಕ್ಸೆಡ್ ಎಷ್ಟು, ವೇರಿಯೆಬಲ್ ಎಷ್ಟು ಎಂದು ಎಚ್‌ಆರ್‌ನವಳನ್ನು ಹತ್ತು ನಿಮಿಷ ಕೇಳಿದನಂತೆ. ತಾತನ ಪಾಠ ತಲೆಗೆ ಹೋಗಿದೆ. ಅಪ್ಪನಿಗೂ ಹೇಳಲು ಒಂದು ಸುದ್ದಿ ಇತ್ತು. 2023ರಲ್ಲಿ ಕ್ವಿಂಟಲ್ಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದು ರೈತರನ್ನು ಬೀದಿಗೆ ತಂದಿದ್ದ ಕೊಬ್ಬರಿ, 2025ರಲ್ಲಿ ಇಪ್ಪತ್ತೈದು ಸಾವಿರ ದಾಟಿತ್ತು. ಅದೇ ಮರ, ಅದೇ ಕಾಯಿ, ಅದೇ ಅಟ್ಟ. ಅಪ್ಪ ಹನ್ನೆರಡು ಕ್ವಿಂಟಲನ್ನು 26,000ದಂತೆ ಮಾರಿದ್ದರು.

'ಮೂರು ಲಕ್ಷ ಹನ್ನೆರಡು ಸಾವಿರ ಆಯ್ತು ಕಣಪ್ಪಾ' ಎಂದರು.

'ಸಿಟಿಸಿನಾ ತಾತ, ಕೈಗೆ ಬಂದಿದ್ದಾ?'

'ಕೈಗೆ ಬಂದಿದ್ದು.'

ಹುಡುಗನ ವರ್ಷದ ಸಂಬಳ, ಕೈಗೆ ಬಂದದ್ದು, 2,76,516. ಅವನು ಇನ್ನೂ ನೋಟಿಸ್ ಪೀರಿಯಡ್ಡಿನಲ್ಲಿದ್ದಾನೆ.